ಸುಬೇದಾರರು ಒಪ್ಪದ ಕೋವಿ

ಉತ್ತಯ್ಯ: ಆಗ್ಲಿಕ್ಕಿಲ್ಲ ಮೇಷ್ಟ್ರೇ. ಹದಿನೆಂಟು ತುಂಬದವರು ಯಾರೂ ಈ ಟಾಕಿ ನೋಡ್ಲಿಕ್ಕಿಲ್ಲ.

ಪದ್ಮಯ್ಯ: ಇನ್ನೂ ಅರ್ಧಕ್ಕಿಂತ ಹೆಚ್ಚು ಬಾಕಿ ಉಂಟಲ್ಲ ಸುಬೇದಾರ್ರೆ. ಪೂರ್ತಿ ನೋಡಿ ಹೇಳಿ.

ಉತ್ತಯ್ಯ: ಕಾಫಿಯಲ್ಲಿ ನೊಣ ಕಂಡ ಮೇಲೂ ಲೋಟ ಖಾಲಿ ಮಾಡ್ಬೇಕಾ?

ಬೆಳ್ಯಪ್ಪ: ನೊಣ ಎಲ್ಲಿ ಉಂಟು ಅಂತ ಹೇಳಿದ್ರೆ ತೆಗೀಬಹುದು ಸಾಹೇಬ್ರೆ. ನನ್ನ ಹತ್ರ ಕತ್ತರಿ ಉಂಟು.

ಇದು ನಡೆದದ್ದು ಇಂಗ್ಲಿಷರು ಕೊಡಗನ್ನು ಆಳುತ್ತಿದ್ದಾಗ, ಬಾಳೆಲೆಯಲ್ಲಿ ಕುಯಿಲು ಮುಗಿದ ಒಂದು ಗದ್ದೆಯ ನಡುವೆ ನಿಂತ ಟೆಂಟಿನೊಳಗೆ. ಟೆಂಟು ಸಿದ್ದಾಪುರದ ಬೆಳ್ಯಪ್ಪನದು. ಅವನು ತಂದಿದ್ದ ಟಾಕಿಯ ಹೆಸರು ‘ದಿವಾನ್ ರಹಸ್ಯಂ’. ಮಾತು ತಮಿಳು, ಸಂಚು ಎಲ್ಲ ಭಾಷೆಯವರಿಗೂ ಅರ್ಥವಾಗುವಂಥದು: ರಾಜನನ್ನು ಸೆರೆಯಲ್ಲಿಟ್ಟು ದಿವಾನನೊಬ್ಬ ರಾಜ್ಯ ನುಂಗುತ್ತಾನೆ, ಒಬ್ಬ ಪತ್ರಿಕೆಯ ಸಂಪಾದಕ ಅದನ್ನು ಬಯಲಿಗೆಳೆಯಲು ಹೊರಡುತ್ತಾನೆ. ರಾಜಕೀಯದ ಟಾಕಿ ಎಂಬ ಸುದ್ದಿ ಕೇಳಿದ್ದೇ ಊರಿನ ಶಾಲಾ ಕಮಿಟಿಗೆ ನಡುಕ ಹುಟ್ಟಿತು. ಮಕ್ಕಳು ನೋಡಬಹುದೋ ಬಾರದೋ ಎಂದು ಕಮಿಟಿಯ ಅಧ್ಯಕ್ಷರೂ ಹೆಡ್ ಮಾಸ್ಟರರೂ ಮುಂಚಿತವಾಗಿ ನೋಡಿ ತೀರ್ಮಾನಿಸಬೇಕು ಎಂದು ಗೊತ್ತುಮಾಡಲಾಯಿತು.

ಅಧ್ಯಕ್ಷರು ಪೆನ್ಷನ್ ಪಡೆದ ಸುಬೇದಾರ್ ಉತ್ತಯ್ಯನವರು. ದಂಡು ಬಿಟ್ಟು ವರ್ಷಗಳಾಗಿದ್ದರೂ ದಂಡು ಅವರನ್ನು ಬಿಟ್ಟಿರಲಿಲ್ಲ. ಮಡಚುವ ಕುರ್ಚಿಯ ಮೇಲೂ ಅವರು ಪೆರೇಡಿನಲ್ಲಿ ನಿಂತಂತೆಯೇ ಕೂರುತ್ತಿದ್ದರು. ಹೆಡ್ ಮಾಸ್ಟರ್ ಪದ್ಮಯ್ಯನವರದು ಬೇರೆಯೇ ಸಂಕಟ. ಇನ್ಸ್‌ಪೆಕ್ಟರರ ಎದುರು ಎಂಟನೇ ಕ್ಲಾಸಿನವರು ಚೆನ್ನಾಗಿ ಉತ್ತರ ಹೇಳಿದರೆ ಟಾಕಿ ತೋರಿಸುತ್ತೇನೆ ಎಂದು ಅವರು ಮಾತು ಕೊಟ್ಟಿದ್ದರು. ಆ ಕ್ಲಾಸಿನಿಂದ ಅಂಥ ಅನಾಹುತವನ್ನು ಅವರು ನಿರೀಕ್ಷಿಸಿರಲಿಲ್ಲ. ಮಕ್ಕಳು ಎಲ್ಲಕ್ಕೂ ಸರಿಯಾಗಿಯೇ ಉತ್ತರ ಹೇಳಿಬಿಟ್ಟರು. ನಾಳೆ ಶನಿವಾರದ ಆಟ ಮುಗಿದರೆ ಬೆಳ್ಯಪ್ಪ ಟೆಂಟು ಕೀಳುತ್ತಾನೆ. ಸೋಮವಾರ ಅದೇ ಕ್ಲಾಸಿನಲ್ಲಿ ಪದ್ಮಯ್ಯನವರು ಮಾಡಬೇಕಾದ ಪಾಠ, ಕೊಟ್ಟ ಮಾತಿಗಾಗಿ ಕಾಡು ಸೇರಿದ ರಾಜನದು.

ಬೆಳ್ಯಪ್ಪನ ಬಳಿ ಇದ್ದದ್ದು ಒಂದೇ ಮೆಷಿನ್. ಒಂದು ರೀಲು ಮುಗಿದರೆ ಇನ್ನೊಂದು ಏರಿಸುವವರೆಗೆ ದೀಪ ಹೊತ್ತಿಕೊಳ್ಳುತ್ತಿತ್ತು, ದೀಪ ಹೊತ್ತಿದರೆ ಸುಬೇದಾರರೂ ಹೊತ್ತಿಕೊಳ್ಳುತ್ತಿದ್ದರು. ಸಂಜೆಯ ಬೆಳಕು ಒಳಗೆ ಬಾರದಂತೆ ಸುತ್ತಲೂ ಕಂಬಳಿ ಇಳಿಬಿಟ್ಟಿದ್ದರಿಂದ ಆ ಬಿಸಿ ಹೊರಗೂ ಹೋಗುತ್ತಿರಲಿಲ್ಲ.

ಪದ್ಮಯ್ಯನವರು ಹಿಂದಿನ ದಿನವೇ ಟಾಕಿಯ ಕತೆಯ ನೋಟೀಸು ಓದಿಕೊಂಡು ಕೂತು ಸುಬೇದಾರರು ಎತ್ತಬಹುದಾದ ಆಕ್ಷೇಪಗಳನ್ನೆಲ್ಲ ಊಹಿಸಿ, ಒಂದೊಂದಕ್ಕೂ ಸಮಾಧಾನ ಸಿದ್ಧಮಾಡಿಕೊಂಡು ಬಂದಿದ್ದರು. ಅವನ್ನು ಈಗ ಬಿಚ್ಚತೊಡಗಿದರು.

ಪದ್ಮಯ್ಯ: ರಾಜನನ್ನು ಕೂಡಿಹಾಕಿದ್ದು ನಿಮಗೆ ಸರಿ ಕಾಣ್ಲಿಲ್ಲ ಅಂತ ತೋರ್ತದೆ. ಅದು ನೋಡಿ, ಕೆಟ್ಟವರು ಎಂಥವರು ಅಂತ ಮಕ್ಕಳಿಗೆ…

ಉತ್ತಯ್ಯ: ರಾಜನನ್ನಾ? ಅದು ಮನೆಯೊಳಗಿನ ಜಗಳ ಮೇಷ್ಟ್ರೇ. ನಮ್ಮ ದೊಡ್ಡಪ್ಪನನ್ನೂ ಒಮ್ಮೆ ಅಟ್ಟದಲ್ಲಿ ಬಿಟ್ಟು ಏಣಿ ತೆಗೆದಿದ್ರು. ದೊಡ್ಡ ಕುಟುಂಬ ಅಂದ್ಮೇಲೆ ಅದೆಲ್ಲ ಉಂಟು.

ಪದ್ಮಯ್ಯ: ಹಾಗಾದ್ರೆ ಹಾಲಿಗೆ ವಿಷ ಹಾಕಿದ್ದಾ?

ಉತ್ತಯ್ಯ: ರಾಜ ಕುಡಿದನಾ?

ಪದ್ಮಯ್ಯ: ಇಲ್ಲ, ಬೆಕ್ಕು ಕುಡೀತು.

ಉತ್ತಯ್ಯ: ಬೆಕ್ಕಿನ ವಿಷಯಕ್ಕೆ ನಾನು ಮಕ್ಕಳನ್ನು ತಡೆಯುವವನಲ್ಲ.

ಪದ್ಮಯ್ಯನವರು ಇನ್ನು ಉಳಿದಿದ್ದ, ತಮಗೇ ಸ್ವಲ್ಪ ಭಯವಿದ್ದ ಸಂಗತಿಗೆ ಬಂದರು. ದನಿ ತಗ್ಗಿಸಿ, ಜನರೆಲ್ಲ ಅರಮನೆಯ ಮುಂದೆ ಸೇರಿ ದಿವಾನನಿಗೆ ಧಿಕ್ಕಾರ ಕೂಗುವುದು ಮಡಿಕೇರಿಯ ಕಮಿಷನರರ ಕಿವಿಗೆ ಬಿದ್ದರೆ ಹೇಗೆ ಎಂದು ಕೇಳಿದರು.

ಉತ್ತಯ್ಯ: ದಿವಾನ ಕಳ್ಳ. ಕಳ್ಳನಿಗೆ ಧಿಕ್ಕಾರ ಕೂಗಿದ್ರೆ ಕಮಿಷನರರಿಗೆ ಎಂತ? ಕಮಿಷನರರು ಕಳ್ಳರಾ?

ಇಡೀ ಟಾಕಿಯಲ್ಲಿರುವುದಕ್ಕಿಂತ ಹೆಚ್ಚಿನ ರಾಜದ್ರೋಹ ಸುಬೇದಾರರ ಈ ಒಂದು ಪ್ರಶ್ನೆಯಲ್ಲಿ ಇದೆಯೆಂದು ಪದ್ಮಯ್ಯನವರಿಗೆ ಅನ್ನಿಸಿತು. ಅವರು ಎದ್ದು ಕಂಬಳಿ ಸರಿಸಿ ಹೊರಗೆ ಯಾರೂ ಇಲ್ಲವೆಂದು ನೋಡಿಕೊಂಡು ಬಂದು ಕೂತರು.

ಪದ್ಮಯ್ಯ: ಸೆರೆಯೂ ಆಗಬಹುದು, ವಿಷವೂ ಆಗಬಹುದು, ದಂಗೆಯೂ ಆಗಬಹುದು. ಮತ್ತೆ ಆಗದ್ದು ಯಾವುದು ಸುಬೇದಾರ್ರೆ?

ಉತ್ತಯ್ಯ: ಆ ದಿವಾನನ ಆಳು ಕೋವಿ ಹಿಡಿದದ್ದು ಕಂಡಿರಾ ನೀವು?

ಪದ್ಮಯ್ಯ: ಕಂಡೆ. ಹಿಡಿದಿದ್ದ.

ಉತ್ತಯ್ಯ: ಹಿಡಿದಿದ್ದ ಅಂತೀರಲ್ಲ, ಅದು ಹಿಡಿಯುವ ರೀತಿಯಾ? ಕೋವಿಯ ಬಾಯಿ ಮೇಲೆ ಗಲ್ಲ ಇಟ್ಟು ನಿಂತಿದ್ದ. ಊಟದ ಕೋಣೆಯಲ್ಲಿ ನೆಲದ ಮೇಲೆ ಮಲಗಿಸಿದ. ಆಮೇಲೆ ಅದನ್ನು ದಾಟಿ ಹೋದ ಮೇಷ್ಟ್ರೇ, ಕಾಲು ಎತ್ತಿ ದಾಟಿದ. ಕೈಲ್ ಮುಹೂರ್ತದ ಹಬ್ಬದ ದಿನ ಕೋವಿಗೆ ಹೂವಿಟ್ಟು ಕೈಮುಗಿಯುವ ಮಕ್ಕಳಿಗೆ ಇದನ್ನು ತೋರಿಸುವುದಾ?

ಬೆಳ್ಯಪ್ಪ: ಅದು ಮರದ ಕೋವಿ ಸಾಹೇಬ್ರೆ. ಬಣ್ಣ ಬಳಿದದ್ದು.

ಉತ್ತಯ್ಯ: ದೇವರನ್ನೂ ಮರದಲ್ಲಿ ಮಾಡ್ತಾರೆ. ನೀನು ದಾಟ್ತೀಯಾ?

ಬೆಳ್ಯಪ್ಪ ಇದಕ್ಕೆ ಉತ್ತರ ಹುಡುಕುವುದನ್ನು ಬಿಟ್ಟು ಮುಂದಿನ ರೀಲು ಹುಡುಕಿದ. ಪದ್ಮಯ್ಯನವರು ಮಾತ್ರ ಬಿಡಲಿಲ್ಲ. ಕೋವಿಯನ್ನು ದಾಟಿದವನು ದುಷ್ಟನಾದ್ದರಿಂದ ಮಕ್ಕಳಿಗೆ ಅದರಿಂದ ನೀತಿಯೇ ಸಿಗುತ್ತದೆ ಎಂದು ವಾದಿಸಿದರು. ಸುಬೇದಾರರು, ದುಷ್ಟನಾಗಲು ಯಾರಿಗೂ ಅಡ್ಡಿಯಿಲ್ಲ, ಆದರೆ ದುಷ್ಟನಾದವನಿಗೂ ಕೋವಿ ಹಿಡಿಯಲು ಬರಬೇಕು ಎಂದರು. ತಮಗೆ ಟಾಕಿಯ ಮಾತು ಸರಿಯಾಗಿ ಕೇಳಿಸುತ್ತಿಲ್ಲವೆಂದೂ ದೂರಿದರು. ಮೆಸೊಪೊಟೇಮಿಯದ ಯುದ್ಧದಲ್ಲಿ ಒಂದು ಫಿರಂಗಿ ಅವರ ಎಡಕಿವಿಯ ಪಕ್ಕದಲ್ಲೇ ಸಿಡಿದಿತ್ತು.

ಬೆಳ್ಯಪ್ಪ: ಮೇಲಿನ ಹಾರ್ನಿಗೆ ಕನೆಕ್ಷನ್ ಕೊಟ್ರೆ ಕೇಳ್ತದೆ. ಆದ್ರೆ ಅದು ಊರಿಗೆಲ್ಲ ಕೇಳ್ತದೆ.

ಉತ್ತಯ್ಯ: ಕೇಳ್ಲಿ. ಕೇಳುವುದಕ್ಕೆ ಕಮಿಟಿ ಅಡ್ಡಿ ಹೇಳ್ಲಿಲ್ಲ, ನೋಡುವುದಕ್ಕೆ ಮಾತ್ರ.

ಟೆಂಟಿನ ನೆತ್ತಿಯಲ್ಲಿ, ಬಿದಿರು ಗಳದ ತುದಿಯಲ್ಲಿ ಒಂದು ದೊಡ್ಡ ತುತ್ತೂರಿ ಕಟ್ಟಿತ್ತು. ಆಟಕ್ಕೆ ಮುಂಚೆ ಅದರಲ್ಲಿ ಹಾಡಿನ ಪ್ಲೇಟು ಹಾಕಿ ಜನರನ್ನು ಕರೆಯುವುದು ಬೆಳ್ಯಪ್ಪನ ರೂಢಿ. ಅವನು ತಂತಿ ಸಿಕ್ಕಿಸಿದ. ದೀಪ ಆರಿತು. ಸಂಪಾದಕ ಕತ್ತಲೆಯ ಬೀದಿಯಲ್ಲಿ ನಡೆದು ಬಂದ. ದಿವಾನನ ಆಳು ಕಂಬದ ಹಿಂದಿನಿಂದ ಕೋವಿ ಎತ್ತಿದ. ಢಂ, ಢಂ ಎಂದು ಬೆನ್ನುಬೆನ್ನಿಗೆ ಎರಡು ಶಬ್ದವಾಯಿತು. ಸಂಪಾದಕ ಬಿದ್ದ. ಸುಬೇದಾರರು ಎದ್ದರು.

ಉತ್ತಯ್ಯ: ನಿಲ್ಲಿಸು ಬೆಳ್ಯಪ್ಪ. ಒಂಟಿ ನಳಿಗೆಯ ಕೋವಿಯಲ್ಲಿ ಎರಡನೇ ಗುಂಡು ಎಲ್ಲಿಂದ ಬಂತು?

ಪದ್ಮಯ್ಯ: ಜೋಡು ನಳಿಗೆ ಇರ್ಬಹುದು.

ಉತ್ತಯ್ಯ: ನನಗೆ ಕಿವಿ ಕೇಳದು ಮೇಷ್ಟ್ರೇ, ಕಣ್ಣು ಕಾಣ್ತದೆ. ಒಂಟಿ.

ಪದ್ಮಯ್ಯ: ನನಗೆ ಜೋಡು ಕಂಡಿತು.

ಉತ್ತಯ್ಯ: ಇನ್ನೊಮ್ಮೆ ಹಾಕು.

ಬೆಳ್ಯಪ್ಪ ರೀಲನ್ನು ಹಿಂದಕ್ಕೆ ಸುತ್ತಿದ. ಸಂಪಾದಕ ಮತ್ತೆ ನಡೆದು ಬಂದ. ಢಂ, ಢಂ. ಸಂಪಾದಕ ಮತ್ತೆ ಬಿದ್ದ. ಒಂಟಿ ಎಂದು ಸುಬೇದಾರರು ಗೆದ್ದ ದನಿಯಲ್ಲಿ ಹೇಳಿದರು. ಸರಿಯಾಗಿ ಅದೇ ಗಳಿಗೆಯಲ್ಲಿ ತಮ್ಮ ಕನ್ನಡಕ ಮಬ್ಬಾಗಿತ್ತೆಂದು ಪದ್ಮಯ್ಯನವರು ಒರೆಸಿಕೊಳ್ಳತೊಡಗಿದರು.

ಉತ್ತಯ್ಯ: ಒರೆಸ್ಕೊಳ್ಳಿ, ಚೆನ್ನಾಗಿ ಒರೆಸ್ಕೊಳ್ಳಿ. ಅಷ್ಟರಲ್ಲಿ ಇನ್ನೊಂದು ಹೇಳ್ತೇನೆ. ನಮ್ಮ ನಾಡಿನಲ್ಲಿ ಕೋವಿಯೇ ಸುದ್ದಿ ಹೇಳುವುದು. ಒಂದು ಗುಂಡು ಹಾರಿದ್ರೆ ಮನೆಯಲ್ಲಿ ಗಂಡು ಹುಟ್ಟಿತು ಅಂತ. ಎರಡು ಬೆನ್ನುಬೆನ್ನಿಗೆ ಹಾರಿದ್ರೆ ಯಾರೋ ತೀರಿಕೊಂಡ್ರು ಅಂತ. ಕರೆ ಬೇಡ, ಕಾಗದ ಬೇಡ, ಕೇಳಿದವರು ಹೊರಟು ಬರ್ತಾರೆ. ಇವನು ಮನಸ್ಸಿಗೆ ಬಂದ ಹಾಗೆ ಹಾರಿಸಿದ್ರೆ ಮಕ್ಕಳ ತಲೆಯಲ್ಲಿ ಎಂತ ಉಳೀತದೆ?

ಪದ್ಮಯ್ಯ: ಇಲ್ಲಿಯೂ ಒಬ್ಬ ಸತ್ತ, ಎರಡು ಹಾರಿತು. ಪದ್ಧತಿ ಪ್ರಕಾರವೇ ಆಯ್ತಲ್ಲ ಸುಬೇದಾರ್ರೆ?

ಉತ್ತಯ್ಯ: ಸತ್ತ ಮೇಲೆ ಹಾರಿಸುವುದು ಮೇಷ್ಟ್ರೇ. ಸಾಯಿಸ್ಲಿಕ್ಕೆ ಹಾರಿಸುವುದಲ್ಲ.

ಕನ್ನಡಕ ಮೂಗಿಗೇರಿತು. ಸಂಪಾದಕ ಮೂರನೆಯ ಸಲ ಬೀದಿಗಿಳಿದ. ಢಂ, ಢಂ. ಈ ಸಲ ಪದ್ಮಯ್ಯನವರಿಗೂ ನಳಿಗೆ ಒಂಟಿಯಾಗಿಯೇ ಕಂಡಿತು. ಕಂಡದ್ದನ್ನು ಕಂಡಿಲ್ಲವೆನ್ನಲು ಅವರ ನಾಲಿಗೆ ಏಳಲಿಲ್ಲ. ಆದರೆ ಮನಸ್ಸಿನಲ್ಲಿ ಸೋಮವಾರದ ಪಾಠದ ರಾಜ ಕಾಡಿನ ದಾರಿ ಹಿಡಿದು ನಡೆಯತೊಡಗಿದ. ಅವರು ಸೋತ ದನಿಯಲ್ಲಿ, ಮಕ್ಕಳಿಗೆ ತಾವೇ ಮುಂಚಿತವಾಗಿ ಹೇಳಿ ಕರೆತರುವುದಾಗಿಯೂ, ಇದು ಕೋವಿಯಲ್ಲ, ಬರೀ ವೇಷ ಎಂದು ತಿಳಿಸುವುದಾಗಿಯೂ ಬೇಡಿಕೊಂಡರು.

ಉತ್ತಯ್ಯ: ನೀವು ಹೇಳ್ಬೇಕಾಗಿಲ್ಲ. ಆ ಶಬ್ದ ಕೇಳಿದ್ರೆ ಯಾರಿಗೂ ಗೊತ್ತಾಗ್ತದೆ. ಅದು ಕೋವಿಯ ಶಬ್ದವಾ? ತಗಡಿಗೆ ಕೋಲಿನಿಂದ ಬಡಿದ ಹಾಗುಂಟು. ಕೊಡಗಿನಲ್ಲಿ ಅದಕ್ಕೆ ತೊಟ್ಟಿಲ ಕೂಸೂ ತಲೆ ತಿರುಗಿಸ್ಲಿಕ್ಕಿಲ್ಲ.

ಹೀಗೆ ಮಾತಿಗೆ ಮಾತು ಬೆಳೆದು ಒಂದು ಗಂಟೆ ಕಳೆಯಿತು. ಆಗ ಬಾಗಿಲ ಕಂಬಳಿ ಸರಿಯಿತು.

ಮೊದಲು ಒಳಗೆ ಬಂದವರು ಸುಬೇದಾರರ ಹೆಂಡತಿ ಗಂಗಮ್ಮನವರು. ಬಿಳಿ ಸೀರೆ ಉಟ್ಟಿದ್ದರು, ಕಣ್ಣು ಕೆಂಪಾಗಿತ್ತು. ಅವರ ಹಿಂದೆ ಬಿಳಿಯುಟ್ಟ ಹೆಂಗಸರು, ತಲೆ ತಗ್ಗಿಸಿದ ಗಂಡಸರು. ಅವರ ಹಿಂದೆ ಚಟ್ಟಕ್ಕೆಂದು ಹಸಿ ಬಿದಿರು ಕಡಿದು ಹೊತ್ತು ತಂದ ಎಂಟನೇ ಕ್ಲಾಸು. ಗದ್ದೆಯ ಬದುವಿನ ಉದ್ದಕ್ಕೂ ಇನ್ನೂ ಜನ ಬರುತ್ತಿದ್ದರು. ಗಂಗಮ್ಮನವರು ಗಂಡನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

ಗಂಗಮ್ಮ: ನೀವಲ್ಲವಾ?

ಉತ್ತಯ್ಯ: ಎಂತ ನಾನಲ್ಲವಾ?

ಗಂಗಮ್ಮ: ಹೋದದ್ದು ಯಾರು ಹಾಗಾದ್ರೆ?

ಪದ್ಮಯ್ಯ: ಸಂಪಾದಕ ಅಮ್ಮಾ. ಪತ್ರಿಕೆಯವ.

ಗಂಗಮ್ಮ: ಪಾಪ, ಎಲ್ಲಿಂದ ಬಂದವನೋ. ಮದುವೆ ಆಗಿತ್ತಾ?

ಬೆಳ್ಯಪ್ಪ: ಇಲ್ಲಮ್ಮ. ಇನ್ನೆರಡು ರೀಲು ಬದುಕಿದ್ರೆ ಆಗ್ತಿತ್ತು.

ಗಂಗಮ್ಮ: ಅವನೊಬ್ಬನಾಯ್ತು. ಉಳಿದ ಇಬ್ಬರು?

ಉತ್ತಯ್ಯ: ಯಾವ ಇಬ್ಬರು?

ಗಂಗಮ್ಮ: ಎರಡೆರಡರಂತೆ ಮೂರು ಸಲ ಕೇಳಿತು. ಟೆಂಟಿನಲ್ಲಿ ಇದ್ದದ್ದು ನೀವು ಮೂವರು. ಊರಲ್ಲಿ ಯಾರಿಗಾದ್ರೂ ಲೆಕ್ಕ ಬರ್ತದಲ್ಲ.

ಮೂವರೂ ನಿಧಾನವಾಗಿ ತಲೆಯೆತ್ತಿ, ಬಟ್ಟೆಯ ಆಚೆ ಕಾಣದಿದ್ದರೂ, ತುತ್ತೂರಿ ಇರಬೇಕಾದ ಕಡೆಗೆ ನೋಡಿದರು. ಬೆಳ್ಯಪ್ಪ, ಇದು ಟಾಕಿಯ ಗುಂಡು, ಸುಬೇದಾರರು ಹೇಳಿದ್ದಕ್ಕೆ ಮೂರು ಸಲ ಹಾಕಿದೆ ಎಂದು ಎಲ್ಲರಿಗೂ ಕೇಳುವಂತೆ ಹೇಳಿದ. ಆ ನಾಡಿನ ಒಳ್ಳೆಯ ಬೇಟೆಗಾರರೆಲ್ಲ ಒಬ್ಬರ ಮುಖ ಒಬ್ಬರು ನೋಡದೆ ನೆಲ ನೋಡಿದರು. ತಗಡಿಗೆ ಬಡಿದ ಶಬ್ದದ ಬಗ್ಗೆ ಸುಬೇದಾರರು ಮತ್ತೆ ಚಕಾರ ಎತ್ತಲಿಲ್ಲ.

ಗಂಗಮ್ಮ: ದಾರಿಯುದ್ದ ಅತ್ತುಕೊಂಡು ಬಂದೆ. ನಿಮ್ಮ ಒಳ್ಳೇ ಗುಣ ಹೇಳಿ ಅಳ್ಬೇಕಲ್ಲ. ನಮ್ಮ ಗದ್ದೆ ದಾಟುವುದರೊಳಗೆ ಮುಗೀತು. ಆಮೇಲೆ ಮೇಷ್ಟ್ರ ಗುಣ ಹೇಳಿ ಅತ್ತೆ, ಇಲ್ಲೀವರೆಗೆ ಬಂತು.

ಪದ್ಮಯ್ಯನವರು ಕೈ ಮುಗಿದರು. ಸುಬೇದಾರರು ಗಂಟಲು ಸರಿಮಾಡಿಕೊಂಡರು. ಹೆಂಡತಿಯ ಕೆಂಪು ಕಣ್ಣಿನ ಕಡೆ ನೋಡದಿರಲು ಅವರು ಟೆಂಟಿನ ಕಂಬವೊಂದನ್ನು ಆರಿಸಿಕೊಂಡು ಅದಕ್ಕೆ ಆಜ್ಞೆ ಮಾಡಿದರು.

ಉತ್ತಯ್ಯ: ಸರಿ. ಯಾರೂ ಸಾಯ್ಲಿಲ್ಲ. ದೊಡ್ಡವರು ಬೇಕಾದ್ರೆ ಕೂತ್ಕೊಳ್ಳಿ. ಮಕ್ಕಳು ಹೊರಗೆ.

ಗಂಗಮ್ಮ: ಸಾವಿಗೆ ಬಂದವರನ್ನು ಎದ್ದು ಹೋಗಿ ಅನ್ನುವ ಮನೆ ಯಾವುದು?

ಉತ್ತಯ್ಯ: ಸಾವೇ ಆಗ್ಲಿಲ್ಲವಲ್ಲ.

ಗಂಗಮ್ಮ: ಅದು ನಿಮ್ಮ ತಪ್ಪು. ಅವರು ಬಂದದ್ದು ಸರಿಯಾಗಿಯೇ ಉಂಟು.

ಉತ್ತಯ್ಯ: ಇದು ಕಮಿಟಿಯ ವಿಷಯ.

ಗಂಗಮ್ಮ: ನಿಮ್ಮ ಕಮಿಟಿಯವರೆಲ್ಲ ಹಿಂದೆ ನಿಂತಿದ್ದಾರೆ, ನಿಮ್ಮನ್ನು ಹೊರ್ಲಿಕ್ಕೆ ಬಂದವರು. ಕೇಳಿ ನೋಡಿ.

ಸುಬೇದಾರರು ಕೇಳಲಿಲ್ಲ. ಕೇಳುವ ಅಗತ್ಯವೂ ಉಳಿದಿರಲಿಲ್ಲ. ಕಮಿಟಿಯವರು ಆಗಲೇ ಚಾಪೆ ಬಿಡಿಸಿ ಜಾಗ ಹಿಡಿಯುತ್ತಿದ್ದರು. ಎಂಟನೇ ಕ್ಲಾಸು ಬಿದಿರನ್ನು ಮರ್ಯಾದೆಯಿಂದ ಮೂಲೆಗಿಟ್ಟು, ಸಾವಿನ ಮನೆಯಲ್ಲಿ ಕೂರುವಂತೆ ತಲೆ ತಗ್ಗಿಸಿ ಮುಂದಿನ ಸಾಲಿನಲ್ಲಿ ಕೂತಿತು. ದೀಪ ಆರಿ, ನಿಂತಿದ್ದ ಕಡೆಯಿಂದಲೇ ಟಾಕಿ ಮುಂದುವರಿದ ಮೇಲೆ ತಲೆಗಳು ಒಂದೊಂದಾಗಿ ಮೇಲೆದ್ದವು. ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲವೆಂದು ನೆರೆಯವರು ತಂದಿದ್ದ ಗಂಜಿಯೂ ಚಟ್ನಿಯೂ ಕತ್ತಲೆಯಲ್ಲಿ ಕೈಯಿಂದ ಕೈಗೆ ಹೋಗತೊಡಗಿದವು. ಹಿಂದಿನ ಸಾಲಿನವರು ಕೇಳುವುದಿಲ್ಲವೆಂದು ಗದ್ದಲ ಮಾಡಿದ್ದರಿಂದ ಮೇಲಿನ ತುತ್ತೂರಿ ಹಾಗೆಯೇ ಉಳಿಯಿತು.

ಗಂಗಮ್ಮನವರಿಗೆ ಕತೆ ಬಹಳ ಬೇಗ ಹಿಡಿಯಿತು. ಈ ದಿವಾನ ಕುಡಿಯುವ ನೀರಿಗೂ ಲೆಕ್ಕ ಇಡುವ ಜಾತಿಯವನೆಂದು ಅವನ ಮೀಸೆ ನೋಡಿಯೇ ಹೇಳಿದರು. ಸುಬೇದಾರರು ಮೊದಲು ಬಾಯಿ ಬಿಗಿದು ಕೂತಿದ್ದರು, ಆಮೇಲೆ ಕುರ್ಚಿಯ ಅಂಚಿಗೆ ಬಂದರು. ಯುವರಾಜನೊಬ್ಬ ಎಲ್ಲಿಂದಲೋ ಬಂದು ದಿವಾನನನ್ನು ಕೋಟೆಯ ಗೋಡೆಗೆ ಒತ್ತಿ ನಿಲ್ಲಿಸಿ ಕೋವಿ ಎತ್ತಿದಾಗ, ಅವರು ಎದ್ದೇ ನಿಂತು, ಹೆಗಲಿಗೆ ಕೊಡು, ಉಸಿರು ಹಿಡಿ ಎಂದು ಪರದೆಗೆ ಹೇಳಿಕೊಟ್ಟರು. ಯುವರಾಜ ತಮಿಳಿನವನಾದರೂ ಹೇಳಿದಂತೆಯೇ ಮಾಡಿದ. ಒಂದೇ ಗುಂಡು. ಢಂ. ದಿವಾನ ಉರುಳಿದ. ರಾಜ ಸೆರೆಯಿಂದ ಹೊರಬಂದ. ದೀಪ ಹತ್ತಿತು.

ಸುಬೇದಾರರು ತಾವು ನಿಂತೇ ಇರುವುದನ್ನು ಗಮನಿಸಿ, ತೀರ್ಪು ಕೊಡಲೆಂದೇ ಎದ್ದವರಂತೆ ಕೋಟು ಸರಿಮಾಡಿಕೊಂಡರು.

ಉತ್ತಯ್ಯ: ಕಮಿಟಿಯ ಅಧ್ಯಕ್ಷನಾಗಿ ಹೇಳ್ತಾ ಇದ್ದೇನೆ. ಯುವರಾಜ ಪರವಾಗಿಲ್ಲ. ಆದ್ರೆ ಉಳಿದದ್ದು ನೋಡಿದ್ರೆ, ಹದಿನೆಂಟು ತುಂಬದವರು ಈ ಟಾಕಿ ನೋಡತಕ್ಕದ್ದಲ್ಲ.

ಮುಂದಿನ ಸಾಲು ಬಹಳ ವಿನಯದಿಂದ ತಲೆಯಾಡಿಸಿತು. ಪದ್ಮಯ್ಯನವರು ಆ ಸಾಲನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನೋಡಿದರು. ಕ್ಲಾಸಿನ ಒಬ್ಬರೂ ಗೈರುಹಾಜರಾಗಿರಲಿಲ್ಲ. ನಾಳೆಯ ಆಟಕ್ಕೆ ಮಕ್ಕಳನ್ನು ಕರೆತರುವುದಿಲ್ಲ, ಅಧ್ಯಕ್ಷರ ಮಾತನ್ನು ಅಕ್ಷರಶಃ ಪಾಲಿಸುತ್ತೇನೆ ಎಂದು ಅವರು ಹೇಳಿದಾಗ ಅವರ ಮುಖದಲ್ಲಿ ಸಂಕಟದ ಗುರುತೂ ಇರಲಿಲ್ಲ.

ಉತ್ತಯ್ಯ: ಇವರು ಇವತ್ತು ನೋಡಿದ್ರಲ್ಲ, ಅದಕ್ಕೆ ಎಂತ ಹೇಳುವುದು ಮೇಷ್ಟ್ರೇ?

ಪದ್ಮಯ್ಯ: ಅವರು ಟಾಕಿಗೆ ಬಂದದ್ದಲ್ಲ ಸುಬೇದಾರ್ರೆ. ನಿಮ್ಮ ಸಾವಿಗೆ ಬಂದದ್ದು.

ಇದಕ್ಕೆ ಸುಬೇದಾರರು ತಕ್ಕ ಉತ್ತರವೊಂದನ್ನು ಜೋಡಿಸಿಕೊಳ್ಳುತ್ತಿರುವಾಗಲೇ ಬಾಗಿಲ ಕಂಬಳಿ ಮತ್ತೆ ಸರಿದು, ಕೋಲೂರಿಕೊಂಡು ರುದ್ರಮ್ಮಜ್ಜಿ ಒಳಗೆ ಬಂದರು. ಊರಿಗೇ ಹಿರಿಯರು. ಎಲ್ಲರ ಜೊತೆಗೇ ಹೊರಟಿದ್ದರೂ ಮಂಡಿನೋವಿನಿಂದಾಗಿ ಈಗಷ್ಟೇ ತಲುಪಿದ್ದರು. ಎಲ್ಲರೂ ಎದ್ದು ದಾರಿ ಬಿಟ್ಟರು.

ರುದ್ರಮ್ಮ: ಸತ್ತದ್ದು ಯಾರು ಅಂತ ಆಮೇಲೆ ಹೇಳಿ. ಬದುವಿನ ಮೇಲೆ ಬರುವಾಗ ಒಂದೇ ಗುಂಡು ಕೇಳಿತಲ್ಲ, ಗಂಡು ಮಗು ಹುಟ್ಟಿದ್ದು ಎಲ್ಲಿ?

ಗಂಗಮ್ಮನವರು ಅಜ್ಜಿಯ ಕೈ ಹಿಡಿದು ಕರೆತಂದು, ಇನ್ನೂ ಕೋಟು ಸರಿಮಾಡಿಕೊಳ್ಳುತ್ತಲೇ ಇದ್ದ ಗಂಡನ ಮುಂದೆ ನಿಲ್ಲಿಸಿದರು.

ಗಂಗಮ್ಮ: ಇಗೊಳ್ಳಿ ಅಜ್ಜೀ, ಇವರೇ. ಸಂಜೆ ಹೋದದ್ದೂ ಇವರೇ, ಈಗ ಹುಟ್ಟಿದ್ದೂ ಇವರೇ. ಹದಿನೆಂಟು ತುಂಬುವವರೆಗೆ ಇವರಿಗೆ ಯಾರೂ ಟಾಕಿ ತೋರಿಸ್ಬೇಡಿ.